ಊರಂಚಿಗೆ ಕಾವೇರಿ ನೀರು: ನಿವೃತ್ತ ಇಂಜಿನಿಯರ್ ಜೊತೆ ಆನ್‌ಲೈನ್ ಪ್ರಶ್ನೋತ್ತರ

ಇಂಜಿನಿಯರ್: ನೀರು ಸರಬರಾಜಿನ ಕೆಲಸದಲ್ಲೇ ದುಡಿದು ನಿವೃತ್ತನಾದವನು ನಾನು. ಬೆಂಗಳೂರಿನ ಅಂಚಿನ ಬಡಾವಣೆಗಳ ನೀರಿನ ಬಗ್ಗೆ ಕೇಳಿ. ಯಾವ ದಿನ ಬರುತ್ತದೆ ಎಂದು ಮಾತ್ರ ಕೇಳಬೇಡಿ, ನನಗೆ ಜ್ಯೋತಿಷ್ಯ ಬಾರದು.

ತುದಿಮನೆ: ನಮಸ್ಕಾರ ಸರ್. ನಮ್ಮದು ಬೆಂಗಳೂರಿನದೇ ಪಿನ್‌ಕೋಡ್. ರಸ್ತೆಯ ಆಚೆಗೆ ಕಾವೇರಿ ಯೋಜನೆಯ ಐದನೇ ಹಂತದ ನೀರು ಬಂದಿದೆ, ಈಚೆಗೆ ಇಲ್ಲ. ಪಾಲಿಕೆ ಏಕೆ ತೀರ್ಮಾನಿಸುತ್ತಿಲ್ಲ?

ಇಂಜಿನಿಯರ್: ಪಿನ್‌ಕೋಡ್ ಅಂಚೆಯವರ ಲೆಕ್ಕ. ಐದನೇ ಹಂತವನ್ನು ರೂಪಿಸಿದ್ದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ದಿನಕ್ಕೆ 775 ದಶಲಕ್ಷ ಲೀಟರ್. ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಊರಿನೊಳಗೆ ಸೇರಿದವರೇ ಹದಿನೇಳು ವರ್ಷ ಕಾದಿದ್ದಾರೆ. ನಿಮ್ಮ ಸರ್ವೆ ನಂಬರ್ ಆ ಹಳ್ಳಿಗಳಲ್ಲಿ ಇದೆಯೇ ನೋಡಿ. ಇನ್ನು ತೀರ್ಮಾನದ ಮಾತು: 1964ರ ಕಾಯ್ದೆಯಿಂದ ನೀರು ಜಲಮಂಡಳಿಯ ಕೈಯಲ್ಲಿದೆ, ಮಂಡಳಿ ರಾಜ್ಯ ಸರ್ಕಾರದ ಕೈಯಲ್ಲಿದೆ. ಪಾಲಿಕೆ ಠರಾವು ಮಾಡಿದ ಮಾತ್ರಕ್ಕೆ ವಾಲ್ವ್ ತಿರುಗುವುದಿಲ್ಲ.

ನೀಲಗಿರಿ ತೋಪು: ನಮ್ಮ ಬಡಾವಣೆಗೆ ಯಾವಾಗ ಬರುತ್ತದೆ ಸರ್?

ಇಂಜಿನಿಯರ್: ಮೊದಲ ಸಾಲು ಓದಿ.

ಹೊಂಗೆಮರ: ಸರ್, ನಮ್ಮ ಬೀದಿಗೆ ಹೊಸ ಕೊಳವೆ ಬಂದಿದೆ, ಆದರೆ ನೆಲದಡಿಯ ತೊಟ್ಟಿಗೆ (ಸಂಪ್) ನೂಲಿನ ಎಳೆಯಷ್ಟೇ ಬೀಳುತ್ತಿತ್ತು. ಪ್ಲಂಬರ್ ಮೋಟರನ್ನು ನೇರವಾಗಿ ಕೊಳವೆಗೇ ಕೂರಿಸಿದ. ಈಗ ನೀರು ಜೋರಾಗಿದೆ, ಆದರೆ ಮೊದಲ ಹತ್ತು ನಿಮಿಷ ವಾಸನೆ. ಮಗಳಿಗೆ ಮೂರು ದಿನದಿಂದ ಭೇದಿ. ನೀರಿಗೂ ಅದಕ್ಕೂ ಸಂಬಂಧವಿದೆಯೇ?

ಇಂಜಿನಿಯರ್: ಅಮ್ಮ, ಮೋಟರ್ ಆರಿಸಿ, ಆಮೇಲೆ ಓದಿ. ಮಗುವನ್ನು ಇವತ್ತೇ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಓಆರ್‌ಎಸ್ ಕುಡಿಸುತ್ತಿರಿ.

ನಡೆಯುತ್ತಿರುವುದು ಇದು. ಕೊಳವೆ ತುಂಬಿ ಒತ್ತಡವಿದ್ದರೆ, ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನಷ್ಟ, ಆದರೆ ರೋಗವಲ್ಲ. ಮೋಟರ್ ಹಚ್ಚಿ ಎಳೆದಾಗ ಕೊಳವೆಯೊಳಗೆ ನಿರ್ವಾತವಾಗಿ, ಅದೇ ಬಿರುಕು ಹೊರಗಿನದನ್ನು ಒಳಗೆ ಹೀರುತ್ತದೆ. ಅಂಚಿನ ಬಡಾವಣೆಗಳಲ್ಲಿ ಎಷ್ಟೋ ಕಡೆ ಒಳಚರಂಡಿ ಇಲ್ಲ, ಮನೆಗೊಂದು ಶೌಚಗುಂಡಿ. ಹೊರಗೆ ಏನಿದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಮೂರು ಹಂತಗಳಲ್ಲಿ ಮೇಲೆತ್ತಿ, ನೂರು ಕಿಲೋಮೀಟರ್ ತಂದ ನೀರು ನಿಮ್ಮ ಗೇಟಿನ ಮುಂದಿನ ನೂರು ಅಡಿಯಲ್ಲಿ ಕೆಡುತ್ತಿರಬಹುದು. ಮೊದಲ ಹತ್ತು ನಿಮಿಷದ ವಾಸನೆ ನನಗೆ ಅದನ್ನೇ ಹೇಳುತ್ತಿದೆ.

ಮೂರು ವಿಷಯ ತಿಳಿಸಿ. ಕೊಳವೆ ಚರಂಡಿಯನ್ನು ಎಲ್ಲಾದರೂ ದಾಟುತ್ತದೆಯೇ? ಬೋರ್‌ವೆಲ್ ಕೊಳವೆಯನ್ನೂ ಇದಕ್ಕೇ ಸೇರಿಸಿದ್ದೀರಾ? ಅಕ್ಕಪಕ್ಕದವರಿಗೂ ಭೇದಿ ಇದೆಯೇ? ಕ್ಲೋರಿನ್ ಪರೀಕ್ಷೆಯ ಕಿಟ್ ತಂದು ನಲ್ಲಿಯ ನೀರಿಗೆ ಹನಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣವೇ ಬಾರದಿದ್ದರೆ ಆ ನೀರನ್ನು ನಂಬಬೇಡಿ. ಸಂಪ್ ಖಾಲಿಮಾಡಿಸಿ, ತೊಳೆಸಿ.

ಹಿತ್ತಲಮದ್ದು: ಇಷ್ಟೆಲ್ಲ ಏಕೆ? ಪಟಿಕ ತಿರುಗಿಸಿ ತಾಮ್ರದ ಬಿಂದಿಗೆಯಲ್ಲಿಡಿ. ಟಿಡಿಎಸ್ 50ಕ್ಕಿಂತ ಕಡಿಮೆ ಇದ್ದರೆ ನೀರು ಶುದ್ಧ. ನನಗೆ ಬಂದದ್ದನ್ನು ಹಾಗೆಯೇ ಕಳುಹಿಸಿದ್ದೇನೆ.

ಇಂಜಿನಿಯರ್: ಹಾಗೆಯೇ ಅಳಿಸಿ. ಪಟಿಕದಿಂದ ಕೆಸರು ತಳಕ್ಕೆ ಕೂರುತ್ತದೆ, ರೋಗಾಣು ಸಾಯುವುದಿಲ್ಲ. ಟಿಡಿಎಸ್ ಮೀಟರ್ ಅಳೆಯುವುದು ಕರಗಿದ ಲವಣಗಳನ್ನು. ಮಲದ ಕ್ರಿಮಿ ಅದಕ್ಕೆ ಕಾಣುವುದಿಲ್ಲ. ಭೇದಿಯಾದ ಮಗುವಿರುವ ಮನೆಗೆ ಇಂಥದ್ದನ್ನು ಕಳುಹಿಸಬೇಡಿ. ನೀರನ್ನು ಕುದಿಸಿ ಕುಡಿಯಿರಿ, ಅಷ್ಟೇ.

ಹಳೇಪೇಟೆ: ಕ್ಷಮಿಸಿ, ಒಂದು ಮಾತು. ತೆರಿಗೆ ಕಟ್ಟುವವರು ನಾವು. ಅನುಮೋದನೆಯಿಲ್ಲದ ಕಂದಾಯ ನಿವೇಶನ ಅಗ್ಗಕ್ಕೆ ಕೊಂಡವರಿಗೆ ನಮ್ಮ ನೀರು ಏಕೆ?

ಕೆರೆಯಂಗಳ: ನಿಮ್ಮ ನೀರೇ? 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತಂದಾಗ ಅವು ನಿಮ್ಮ ಪೇಟೆಯ ಬೀದಿಗಳಾಗಿದ್ದವೇ? ನಮ್ಮ ಕೆರೆಗೆ ಕೊಚ್ಚೆ ಬಿಟ್ಟು, ನಮ್ಮ ಬೋರ್‌ವೆಲ್‌ನಿಂದ ಟ್ಯಾಂಕರ್ ತುಂಬಿಸಿಕೊಂಡು ಹೋಗುವಾಗ ಗಡಿ ಕಾಣುವುದಿಲ್ಲವೇ?

ಹಳೇಪೇಟೆ: ಆ ಟ್ಯಾಂಕರ್‌ಗೆ ಮಾರುವವರು ಯಾರು ಸ್ವಾಮಿ? ನೀವೇ ಅಲ್ಲವೇ?

ಕೆರೆಯಂಗಳ: ನಾಲಿಗೆ ಬಿಗಿಹಿಡಿದು ಮಾತನಾಡಿ.

ಗಿಳಿಗೂಡು: ಒಸಿ (ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ಸಂಪರ್ಕ ಸಿಗುತ್ತದೆಯೇ? ಯಾರಾದರೂ ಉತ್ತರಿಸಿ.

ತುದಿಮನೆ: ಸರ್, ನಮ್ಮ ಸರ್ವೆ ನಂಬರ್ ಪಟ್ಟಿಯಲ್ಲಿಲ್ಲ. ಹಾಗಾದರೆ ಯಾರನ್ನು ಕೇಳಬೇಕು?

ಇಂಜಿನಿಯರ್: ಗ್ರಾಮ ಪಂಚಾಯಿತಿಯನ್ನು. ಹಳ್ಳಿಮನೆಗಳಿಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಗ್ರಾಮಸಭೆಗೆ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನೀಲಗಿರಿ ತೋಪು: ಅಂದಾಜು ತಿಂಗಳನ್ನಾದರೂ ಹೇಳಬಹುದಲ್ಲ?

ಇಂಜಿನಿಯರ್: ಇಲ್ಲ. ಹಳೇಪೇಟೆ, ಕೆರೆಯಂಗಳ, ನಿಮ್ಮ ಜಗಳಕ್ಕೆ ಬೇರೆ ಜಗಲಿ ನೋಡಿಕೊಳ್ಳಿ. ಹೊಂಗೆಮರದ ಅಮ್ಮ, ಇದ್ದೀರಾ?

ಹೊಂಗೆಮರ: ಇದ್ದೇನೆ ಸರ್. ಮಗಳಿಗೆ ಡ್ರಿಪ್ ಹಾಕಿದ್ದಾರೆ. ಕೊಳವೆ ಚರಂಡಿಯ ಕೆಳಗೇ ಹೋಗಿದೆಯಂತೆ. ಪಕ್ಕದ ನಾಲ್ಕು ಮನೆಗಳಲ್ಲೂ ಹೀಗೆಯೇ ಮೋಟರ್ ಇದೆ. ಅವರು ತೆಗೆಯದೆ ನಾವು ತೆಗೆದರೆ ನಮಗೆ ಹನಿಯೂ ಸಿಗದು ಎನ್ನುತ್ತಿದ್ದಾರೆ ಮನೆಯವರು.

ಇಂಜಿನಿಯರ್: ಸಿಗದಿರಲಿ. ಆ ಕೊಳವೆಯನ್ನು ಸಂಪಿನಿಂದ ಇವತ್ತೇ ಬೇರ್ಪಡಿಸಿ. ನಾಲ್ಕೂ ಮನೆಯವರನ್ನು ಕರೆದು ಮಗು ಏಕೆ ಆಸ್ಪತ್ರೆಯಲ್ಲಿದೆ ಎಂದು ಹೇಳಿ. ಚರಂಡಿ ದಾಟುವ ಜಾಗದ ಚಿತ್ರ ತೆಗೆದು ನನಗೆ ಕಳುಹಿಸಿ, ದೂರನ್ನು ನಾನೇ ಬರೆದುಕೊಡುತ್ತೇನೆ. ಉಳಿದವರಿಗೆ ಇವತ್ತು ಉತ್ತರವಿಲ್ಲ.