2 ಮತ್ತು 6 ವರ್ಷದ ಮಕ್ಕಳ ಜೊತೆ ಪೆಟಿಂಗ್ ಫಾರ್ಮ್‌ಗೆ: ಗೊತ್ತಿರುವವರು ಹೇಳಿ

ಪ್ರಶ್ನೆ

ಮುಂದಿನ ಭಾನುವಾರ ಮನೆಮಂದಿಯೆಲ್ಲ ಪ್ರಾಣಿಗಳನ್ನು ಮುಟ್ಟಿ ಮೇವು ತಿನ್ನಿಸಬಹುದಾದ ಪೆಟಿಂಗ್ ಫಾರ್ಮ್‌ಗೆ ಹೊರಟಿದ್ದೇವೆ. ಮಕ್ಕಳಿಗೆ 2 ಮತ್ತು 6 ವರ್ಷ. ಜೊತೆಗೆ ಅತ್ತೆ, 5 ತಿಂಗಳ ಬಸುರಿ ನಾದಿನಿ. ಮೇಕೆ, ಕುರಿ, ಮೊಲ, ಕೋಳಿಮರಿ, ಪೋನಿ ಎಲ್ಲ ಇವೆಯಂತೆ. ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು, ಏನೇನು ಒಯ್ಯಬೇಕು, ಎಲ್ಲಿ ಎಚ್ಚರ ಬೇಕು? ಸ್ಯಾನಿಟೈಜರ್ ದೊಡ್ಡ ಬಾಟಲಿಯೇ ತೆಗೆದಿಟ್ಟಿದ್ದೇನೆ, ಸಾಕಲ್ವಾ?

ಮಕ್ಕಳ ವಾರ್ಡಿನ ನರ್ಸ್

ಸಾಲದು ಅಕ್ಕ. ಬ್ಯಾಗಿನಲ್ಲಿ ಇರಲಿ, ಆದರೆ ಅದನ್ನೇ ನಂಬಬೇಡಿ. ಕೈಗೆ ಸಗಣಿ, ಮಣ್ಣು, ಜೊಲ್ಲು ಮೆತ್ತಿಕೊಂಡಿದ್ದರೆ ಸ್ಯಾನಿಟೈಜರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಪರಾವಲಂಬಿಯಂತೂ ಗಟ್ಟಿ ಕವಚದೊಳಗೆ ಇರುತ್ತದೆ, ಕೈ ಎಷ್ಟೇ ಚೊಕ್ಕಟವಾಗಿದ್ದರೂ ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಹರಿಯುವ ನೀರಲ್ಲಿ ಸೋಪು ಹಾಕಿ 20 ಸೆಕೆಂಡು ಉಜ್ಜಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಬೇಕು. ಬೆರಳ ಸಂದು, ಉಗುರಿನ ಬುಡ ಬಿಡಬೇಡಿ. ವೆಟ್ ವೈಪ್ಸ್ ಕಣ್ಣಿಗೆ ಕಾಣುವ ಕೊಳೆ ತೆಗೆಯುತ್ತದೆ, ಅಷ್ಟೇ.

ಚಿಕ್ಕದರ ಮೇಲೆ ಹೆಚ್ಚು ಕಣ್ಣಿಡಿ. ದನ, ಕುರಿ, ಮೇಕೆಗಳ ಹೊಟ್ಟೆಯಲ್ಲಿ ಇ. ಕೋಲಿ ಒ157 ಅನ್ನೋ ಬ್ಯಾಕ್ಟೀರಿಯಾ ಇದ್ದರೂ ಪ್ರಾಣಿ ಚೆನ್ನಾಗಿಯೇ ಕಾಣುತ್ತದೆ. ಅದೇ 5 ವರ್ಷದೊಳಗಿನ ಮಗುವಿಗೆ ಹತ್ತಿದರೆ ರಕ್ತಭೇದಿ, ಕೆಲವರಿಗೆ ಮೂತ್ರಪಿಂಡಕ್ಕೇ ಪೆಟ್ಟು. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಒಂದೇ ಫಾರ್ಮ್‌ನಿಂದ 93 ಜನರಿಗೆ ಇದು ತಗುಲಿತ್ತು, ಹೆಚ್ಚಿನವರು ಮಕ್ಕಳೇ. ಹೋಗಬೇಡಿ ಅಂತಲ್ಲ. ರೋಗಾಣು ಹೊಟ್ಟೆಗೆ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ ಹೋಗಿ. ಹಾಗಾಗಿ ನಿಪ್ಪಲ್, ಹಾಲಿನ ಬಾಟಲಿ, ಸಿಪ್ಪರ್, ಬಾಯಿಗಿಡುವ ಆಟಿಕೆ ಪ್ರಾಣಿಗಳ ಜಾಗಕ್ಕೆ ಬರಲೇಬಾರದು. ಬೆರಳು ಚೀಪುವ ಮಗುವಾದರೆ ಬೇಲಿ ಹಿಡಿದಿದ್ದಕ್ಕೂ ಕೈ ತೊಳೆಸಿ, ಆ ಬೇಲಿಯನ್ನು ಮೇಕೆಗಳು ನೆಕ್ಕಿರುತ್ತವೆ.

ಶಾಲಾ ಪ್ರವಾಸ ಏರ್ಪಡಿಸುವ ಟೀಚರ್

ಕೈ ತೊಳೆಯುವ ವಿಷಯ ಸರಿ, ಆದರೆ ಅದು ತಪ್ಪುವುದು ಯಾವಾಗ ಗೊತ್ತಾ? ಪ್ರಾಣಿ, ತಿಂಡಿ, ಮತ್ತೆ ಪ್ರಾಣಿ, ಆಮೇಲೆ ಐಸ್‌ಕ್ರೀಂ ಅಂತ ಓಡಾಡಿದಾಗ. ಮೂರನೇ ಸಲ ತೊಳೆಸುವಷ್ಟರಲ್ಲಿ ದೊಡ್ಡವರಿಗೇ ಸಾಕಾಗಿರುತ್ತದೆ. ಹೊಟ್ಟೆ ತುಂಬ ತಿನ್ನಿಸಿಕೊಂಡೇ ಗೇಟು ದಾಟಿ. ಪ್ರಾಣಿಗಳನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸಿ, ಸರಿಯಾಗಿ ಕೈ ತೊಳೆದು, ಆಮೇಲೆ ಊಟ. ಜಾರುಬಂಡೆ, ಉಯ್ಯಾಲೆ ಊಟದ ನಂತರಕ್ಕೆ ಇರಲಿ. ಅಲ್ಲಿ ಬೇರೆ ಮಕ್ಕಳ ಕೊಳಕು ಕೈಯೂ ಆಡಿರುತ್ತದಾದ್ದರಿಂದ ಹೊರಡುವಾಗ ಇನ್ನೊಮ್ಮೆ ತೊಳೆಸಿ.

ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಬೆಳಿಗ್ಗೆ ಪ್ರಾಣಿಗಳಿಗೆ ಹಸಿವಿರುತ್ತದೆ, ಹತ್ತಿರ ಬರುತ್ತವೆ. ಮಧ್ಯಾಹ್ನ ಹೊಟ್ಟೆ ತುಂಬಿ, ಬಿಸಿಲಿಗೆ ಬಳಲಿ, ನೆರಳಲ್ಲಿ ಮೆಲುಕು ಹಾಕುತ್ತ ಮಲಗಿರುತ್ತವೆ. 2 ವರ್ಷದ ಮಗು ಒಂದೂವರೆ ಗಂಟೆ ಖುಷಿಯಾಗಿದ್ದರೆ ಅದೇ ಹೆಚ್ಚು.

ಮೊದಲೇ ಫೋನ್ ಮಾಡಿ ಕೇಳಿ: ನಲ್ಲಿ, ಸೋಪು ಪ್ರಾಣಿಗಳ ಜಾಗದಿಂದ ಹೊರಬರುವ ದಾರಿಯಲ್ಲೇ ಇದೆಯಾ, ಮಕ್ಕಳಿಗೆ ಎಟುಕುತ್ತಾ? ಊಟದ ಜಾಗ ಬೇರೆ ಇದೆಯಾ? ಮೇವು ಹಾಕುವ ಹೊತ್ತು ಯಾವುದು? ಈ ವಾರ ಯಾವುದಾದರೂ ಕುರಿ, ಮೇಕೆ ಮರಿ ಹಾಕಿದೆಯಾ? ಅತ್ತೆಯವರಿಗೆ ಕೂರಲು ನೆರಳು ಇದೆಯಾ? ಮೊದಲ ಎರಡಕ್ಕೆ ತಡವರಿಸಿದರೆ ಬೇರೆ ಫಾರ್ಮ್ ಹುಡುಕಿ.

ಬ್ಯಾಗಿಗೆ: ಮಗುವಿಗೆ 2 ಜೊತೆ ಬಟ್ಟೆ, ದೊಡ್ಡವರಿಗೆ ಒಂದೊಂದು ಅಂಗಿ, ಲಿಕ್ವಿಡ್ ಸೋಪು, ಸ್ವಂತ ಟವೆಲ್, ಟೋಪಿ, ಕೊಳೆಯಾದ ಶೂ ಹಾಕಲು ದಪ್ಪ ಪ್ಲಾಸ್ಟಿಕ್ ಚೀಲ. ಕಾಲು ಪೂರ್ತಿ ಮುಚ್ಚುವ ಶೂ ಬೇಕು, ಚಪ್ಪಲಿ ಬೇಡ. ಸ್ಟ್ರಾಲರ್ ಚಕ್ರಕ್ಕೆ ಮೆತ್ತಿದ ಸಗಣಿ ನೇರ ಕಾರಿಗೆ, ಅಲ್ಲಿಂದ ಮನೆಗೆ ಬರುತ್ತದೆ. ಒಯ್ದರೆ ಬೇಲಿ ಹೊರಗೇ ನಿಲ್ಲಿಸಿ. ಶೂ ಬಿಚ್ಚಿದ ಮೇಲೆ ಕೈ ತೊಳೆಯುವುದನ್ನು ಬಹಳ ಜನ ಮರೆಯುತ್ತಾರೆ.

ಫಾರ್ಮ್‌ನಲ್ಲಿ ಪ್ರಾಣಿ ನೋಡಿಕೊಳ್ಳುವವರು

ದುಪ್ಪಟ್ಟಾ, ನೇತಾಡುವ ದಾರ, ಕೈಯಲ್ಲಿರುವ ಟಿಕೆಟು ಎಲ್ಲವೂ ಮೇಕೆ ಬಾಯಿಗೆ ಹೋಗುತ್ತವೆ. ಬಿಗಿಯಾಗಿ ಕಟ್ಟಿಕೊಳ್ಳಿ.

ಮಕ್ಕಳು ಬೀಳುವುದು, ಅಳುವುದು ಹೆಚ್ಚಾಗಿ ಮೇವಿನ ಕಪ್ಪಿನಿಂದ. ಮಗು ಕಪ್ಪು ಹಿಡಿದು ಒಳಗೆ ಹೋದ ತಕ್ಷಣ ನಾಲ್ಕೈದು ಮೇಕೆಗಳು ಒಟ್ಟಿಗೆ ನುಗ್ಗುತ್ತವೆ, ಒಂದು ಮುಂಗಾಲು ಎತ್ತಿ ಮಗುವಿನ ಎದೆಯ ಮೇಲೇ ಇಡುತ್ತದೆ. ಕಪ್ಪು ದೊಡ್ಡವರ ಕೈಯಲ್ಲಿ, ಎದೆಮಟ್ಟಕ್ಕೆ ಇರಲಿ. ಮಗುವಿಗೆ ಒಂದು ಸಲಕ್ಕೆ ಅದರ ಅಂಗೈ ಹಿಡಿಯುವಷ್ಟೇ ಕೊಡಿ. ಮೊದಲು ಬೇಲಿ ಹೊರಗಿನಿಂದ ತಿನ್ನಿಸಿ, ಹೆದರಿಕೆ ಬಿಟ್ಟ ಮೇಲೆ ಒಳಗೆ. ತುಂಬ ಮುತ್ತಿಕೊಂಡರೆ ಒಂದು ಹಿಡಿ ದೂರಕ್ಕೆ ಎಸೆದು ಹೊರಗೆ ಬನ್ನಿ. ಓಡಬೇಡಿ, ಓಡಿದರೆ ಅವೂ ಹಿಂದೆಯೇ ಬರುತ್ತವೆ.

ಅಂಗೈ ಚಪ್ಪಟೆ, ಬೆರಳು ಒತ್ತಾಗಿ, ಹೆಬ್ಬೆರಳು ಪಕ್ಕಕ್ಕೆ ಅಂಟಿಕೊಂಡಿರಬೇಕು. ಕುರಿ, ಮೇಕೆಗೆ ಮುಂದೆ ಮೇಲಿನ ಹಲ್ಲೇ ಇಲ್ಲ, ತುಟಿಯಲ್ಲೇ ಬಳಿದುಕೊಳ್ಳುತ್ತವೆ. ಹಾಗಂತ ಬಾಯೊಳಗೆ ಬೆರಳು ಹಾಕಬಾರದು, ದವಡೆ ಹಲ್ಲು ಚೂಪು. ಪೋನಿಗೆ ಮೇಲೆ ಕೆಳಗೆ ಎರಡೂ ಕಡೆ ಹಲ್ಲಿವೆ, ಬೆರಳನ್ನೂ ಮೇವೆಂದೇ ಕಚ್ಚೀತು. ಅದರ ಹಿಂದೆ ನಿಲ್ಲಲೇಬೇಡಿ, ನೇರ ಹಿಂದೆ ಏನಿದೆ ಅನ್ನೋದು ಅದಕ್ಕೆ ಕಾಣದು. ಕಿವಿ ಹಿಂದಕ್ಕೆ ಚಪ್ಪಟೆ ಮಾಡಿದರೆ ದೂರ ಸರಿಯಿರಿ. ಮುಟ್ಟುವುದಿದ್ದರೆ ಮುಖ ಬೇಡ, ಕುತ್ತಿಗೆ ಇಲ್ಲವೇ ಭುಜವನ್ನು ಕೂದಲು ಹೋದ ದಿಕ್ಕಿಗೆ ಸವರಿ.

ಮನೆಯಿಂದ ಬ್ರೆಡ್ಡು, ಅಕ್ಕಿ, ಉಳಿದ ತಿಂಡಿ ತರಬೇಡಿ. ಪಿಷ್ಟದ ಆಹಾರ ಒಮ್ಮೆಗೇ ಹೆಚ್ಚು ಬಿದ್ದರೆ ಕುರಿ, ಮೇಕೆಯ ಹೊಟ್ಟೆಯಲ್ಲಿ ಆಮ್ಲ ಏರಿ ಸತ್ತೇ ಹೋಗಬಹುದು. ನೀವು ಕೊಟ್ಟಿದ್ದು ಒಂದೇ ತುಂಡು, ನಿಜ. ಆದರೆ ಆ ದಿನ ಬಂದವರೆಲ್ಲ ಒಂದೊಂದು ತುಂಡು ಕೊಟ್ಟಿರುತ್ತಾರೆ.

ಪಶುವೈದ್ಯರು

ನಾದಿನಿಯವರ ಬಗ್ಗೆ ಯಾರೂ ಹೇಳಿಲ್ಲ. ಕುರಿ, ಮೇಕೆಗಳಲ್ಲಿ, ಅದರಲ್ಲೂ ಈಗಷ್ಟೇ ಮರಿ ಹಾಕಿದವುಗಳಲ್ಲಿ, ಗರ್ಭಪಾತಕ್ಕೆ ಕಾರಣವಾಗುವ ಸೋಂಕುಗಳಿರಬಹುದು: ಕ್ಲಾಮೈಡಿಯಾ, ಟೊಕ್ಸೊಪ್ಲಾಸ್ಮಾ, ಲಿಸ್ಟೀರಿಯಾ. ಅವರು ಆ ದೊಡ್ಡಿಯ ಹತ್ತಿರ ಹೋಗುವುದೇ ಬೇಡ, ಮರಿಗಳಿಗೆ ಬಾಟಲಿ ಹಾಲು ಕುಡಿಸುವುದೂ ಬೇಡ. ನೀವು ಹಾಕಿಕೊಂಡಿದ್ದ ಕೊಳೆ ಬಟ್ಟೆ, ಶೂಗಳನ್ನು ಅವರಿಂದ ತೊಳೆಸಬೇಡಿ. ಹೊರಡುವ ಮೊದಲು ಅವರ ಡಾಕ್ಟರನ್ನು ಒಮ್ಮೆ ಕೇಳಿ. ಫಾರ್ಮ್‌ನಲ್ಲಿ ಹಸಿ ಹಾಲು ಕೊಟ್ಟರೆ ಯಾರೂ ಕುಡಿಯುವುದು ಬೇಡ.

ಕೋಳಿಮರಿ, ಬಾತುಮರಿಗಳನ್ನು ಚಿಕ್ಕದರ ಕೈಗೆ ಕೊಡಬೇಡಿ. ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಒಂದು ಕಡೆ, ಪುಟ್ಟ ಮುಷ್ಟಿಯಲ್ಲಿ ಮರಿ ನಜ್ಜಾಗುವ ಭಯ ಇನ್ನೊಂದು ಕಡೆ. ಮೊಲವನ್ನು ನಿಂತು ಎತ್ತಿಕೊಳ್ಳಬಾರದು. ಮಗು ನೆಲದ ಮೇಲೆ ಕೂರಲಿ, ಸಿಬ್ಬಂದಿ ಮೊಲವನ್ನು ತೊಡೆಯ ಮೇಲೆ ಇಡಲಿ. ಹಿಂಗಾಲಿಗೆ ಆಸರೆ ಇಲ್ಲದೆ ಒದ್ದುಕೊಂಡರೆ ಮೊಲದ ಬೆನ್ನುಮೂಳೆಯೇ ಮುರಿಯಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೆರಡು: ದೊಡ್ಡವನಿಗೆ ಪೋನಿ ಸವಾರಿ ಬೇಕಂತೆ. ಮತ್ತೆ ಮನೆಗೆ ಬಂದ ಮೇಲೆ ಎಷ್ಟು ದಿನ ನೋಡಬೇಕು?

ಫಾರ್ಮ್‌ನಲ್ಲಿ ಪ್ರಾಣಿ ನೋಡಿಕೊಳ್ಳುವವರು

ಅಳತೆಗೆ ಕೂರುವ ಹೆಲ್ಮೆಟ್, ಹಗ್ಗ ಹಿಡಿದು ನಡೆಸುವ ಒಬ್ಬರು, ಪಕ್ಕದಲ್ಲಿ ನೀವು. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಜಾರಿದರೆ ಹತ್ತಿಸಬೇಡಿ.

ಮಕ್ಕಳ ವಾರ್ಡಿನ ನರ್ಸ್

ಇ. ಕೋಲಿ ಸಾಮಾನ್ಯವಾಗಿ 3–4 ದಿನಕ್ಕೆ ಕಾಣಿಸುತ್ತದೆ, 10 ದಿನದವರೆಗೂ ತಡವಾಗಬಹುದು. ಕ್ರಿಪ್ಟೋಸ್ಪೋರಿಡಿಯಂಗೆ ಸುಮಾರು ಒಂದು ವಾರ. ಭೇದಿ ಶುರುವಾದರೆ ಮನೆಯಲ್ಲಿರುವ ಭೇದಿ ನಿಲ್ಲಿಸುವ ಮಾತ್ರೆ, ಹಳೇ ಆ್ಯಂಟಿಬಯೋಟಿಕ್ ಕೊಡಬೇಡಿ, ಕೆಲವು ಸೋಂಕುಗಳಲ್ಲಿ ಅದರಿಂದಲೇ ಕೆಡುತ್ತದೆ. ಮಲದಲ್ಲಿ ರಕ್ತ ಕಂಡರೆ, ಉಚ್ಚೆ ಕಡಿಮೆಯಾದರೆ, ಮಗು ಬಿಳಿಚಿಕೊಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಫಾರ್ಮ್‌ಗೆ ಹೋಗಿದ್ದೆವು ಅನ್ನೋದನ್ನು ನೀವಾಗಿಯೇ ಹೇಳಿ, ಯಾವ ಪರೀಕ್ಷೆ ಬರೆಯಬೇಕು ಅನ್ನೋದು ಅದರ ಮೇಲೆ ನಿಂತಿರುತ್ತದೆ. ಯಾವುದಾದರೂ ಪ್ರಾಣಿ ಕಚ್ಚಿ ಚರ್ಮ ಹರಿದರೆ ಮಾತ್ರ ಮನೆಗೆ ಬರುವವರೆಗೂ ಕಾಯಬೇಡಿ: ಅಲ್ಲೇ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ರೇಬಿಸ್, ಟೆಟನಸ್ ಲಸಿಕೆ ಕೇಳಲು ನೇರ ಆಸ್ಪತ್ರೆಗೆ.