ದುಂಡು ವಜ್ರದ ಮಿನುಗು ಕಟ್‌ನಿಂದಲೋ, ತೊಳೆಯೋದರಿಂದಲೋ?

ಸಾಣೆಕಲ್ಲು: ಮಿನುಗು ನಿಂತಿರೋದು ತಳದ ಪೆವಿಲಿಯನ್ ಕೋನದ ಮೇಲೆ, ಅಂದ್ರೆ ಕೆಳಗಿನ ಮೊನಚು ಭಾಗದ ಮುಖಗಳು ಅಡ್ಡ ಮಟ್ಟದಿಂದ ಎಷ್ಟು ವಾಲಿವೆ ಅನ್ನೋದರ ಮೇಲೆ. ವಜ್ರದ ವಕ್ರೀಭವನ ಸೂಚ್ಯಂಕ 2.42, ಗಾಳಿಯೆದುರು ಕ್ರಾಂತಿಕೋನ 24.4 ಡಿಗ್ರಿ; ಒಳಗಿನ ಬೆಳಕು ಮುಖದ ಲಂಬದಿಂದ ಇದಕ್ಕಿಂತ ಹೆಚ್ಚು ಓರೆಯಾಗಿ ತಾಗಿದರೆ ಸೋರದೆ ಪೂರ್ತಿ ಪ್ರತಿಫಲಿಸುತ್ತೆ. ಪೆವಿಲಿಯನ್ 40.75ರ ಆಸುಪಾಸಿನಲ್ಲಿದ್ದರೆ ಟೇಬಲ್ಲಿನಿಂದ (ಮೇಲಿನ ಚಪ್ಪಟೆ ಮುಖ) ಇಳಿದ ಬೆಳಕು ಎರಡು ಸಲ ಪ್ರತಿಫಲಿಸಿ ಮೇಲಕ್ಕೇ ಬರುತ್ತೆ. ತಳ ತೀರಾ ಆಳವಾದರೆ ನಟ್ಟನಡುವೆ ಕಪ್ಪು, ಅದೇ ನೇಲ್‌ಹೆಡ್. ತೀರಾ ಚಪ್ಪಟೆಯಾದರೆ ಟೇಬಲ್ಲಿನ ಒಳಗೇ ಗರ್ಡಲ್ (ಕಲ್ಲಿನ ಸೊಂಟದ ಅಂಚು) ಬೂದು ಬಳೆಯ ಹಾಗೆ ಕಾಣುತ್ತೆ, ಅದು ಫಿಶ್‌ಐ. ಬಣ್ಣ ಡಿ (ಬಣ್ಣವೇ ಇಲ್ಲದ, ಎಲ್ಲಕ್ಕಿಂತ ಮೇಲಿನ ದರ್ಜೆ) ಇದ್ದರೂ ಇದು ಮುಚ್ಚಿಹೋಗಲ್ಲ.

ಐವತ್ತೇಳು_ಮುಖ: "ತಳದ ಕೋನದ ಮೇಲೆ" ಅಂದ್ರಲ್ಲ, ಕ್ರೌನ್ (ಗರ್ಡಲ್‌ನ ಮೇಲಿನ ಭಾಗ) ಎಲ್ಲಿ ಹೋಯ್ತು? 1919ರಲ್ಲಿ ದುಂಡು ಕಟ್‌ನ ಅಳತೆಗಳನ್ನು ಲೆಕ್ಕ ಹಾಕಿದ ಟೊಲ್ಕೊವ್‌ಸ್ಕಿ ತಳದ ಕೋನವೊಂದನ್ನೇ ಕೊಡಲಿಲ್ಲ, ಕ್ರೌನ್ 34.5 ಡಿಗ್ರಿ, ಟೇಬಲ್ ಕಲ್ಲಿನ ಅಗಲದ ಶೇ. 53 ಅಂತಲೂ ಹೇಳಿದ್ದ. ಬಣ್ಣದ ಕಿಡಿ ಹೆಚ್ಚಾಗಿ ಹೊರಬೀಳೋದು ಕ್ರೌನಿನ ಓರೆ ಮುಖಗಳಿಂದ. ಟೇಬಲ್ ಶೇ. 65ಕ್ಕೆ ಹಿಗ್ಗಿಸಿದರೆ ಬಿಳಿ ಹೊಳಪು ಉಳೀಬಹುದು, ಕಿಡಿ ಸೊರಗುತ್ತೆ.

ದಿನದುಂಗುರ: ದಿನಾ ಹಾಕೋ ಉಂಗುರದಲ್ಲಿ ಈ ಅರ್ಧರ್ಧ ಡಿಗ್ರಿ ಯಾರ ಕಣ್ಣಿಗೂ ಬೀಳಲ್ಲ. ತಳಕ್ಕೆ ಜಿಡ್ಡು ಹತ್ತಿದರೆ ಎಂಥ ಎಕ್ಸಲೆಂಟ್ ಕಟ್ಟೂ ಸತ್ತ ಹಾಗೆ.

ಸಾಣೆಕಲ್ಲು: "ಸತ್ತ ಹಾಗೆ"? ಲೆಕ್ಕ ಹಾಕಿ ಮಾತಾಡಿ. ಎಣ್ಣೆಯ ಸೂಚ್ಯಂಕ 1.47 ಅಂತಿಟ್ಟುಕೊಳ್ಳಿ, ಕ್ರಾಂತಿಕೋನ 37.5ಕ್ಕೆ ಏರುತ್ತೆ. 40.75 ಆಗಲೂ ಅದಕ್ಕಿಂತ ಮೇಲೇ ಇದೆ. ನೆಟ್ಟಗೆ ಬಂದ ಬೆಳಕು ಸೋರಲ್ಲ.

ದಿನದುಂಗುರ: "ನೆಟ್ಟಗೆ ಬಂದ"! ಬೆಳಕು ನೆಟ್ಟಗೆ ಮಾತ್ರ ಬರುತ್ತಾ? ಹೊರಗೆ 10 ಡಿಗ್ರಿ ಓರೆಯಾದರೆ ಒಳಗೆ 4 ಡಿಗ್ರಿ ವಾಲುತ್ತೆ. 40.75ರಲ್ಲಿ 4 ಕಳೀರಿ, 37.5ಕ್ಕಿಂತ ಕೆಳಗಾಯ್ತು. ಮೊದಲ ಮುಖಕ್ಕೆ ತಾಗಿದಲ್ಲೇ ಸೋರಿಕೆ. ಶುಭ್ರ ಕಲ್ಲಿನಲ್ಲಿ ಅದೇ ಮುಖ 42 ಡಿಗ್ರಿ ಓರೆಯವರೆಗೂ ತಡೆಯುತ್ತೆ. ಇಷ್ಟು ಅಂತರ ಯಾವ ಕಟ್ ಗ್ರೇಡಿನಲ್ಲಿದೆ ತೋರಿಸಿ.

ಸಾಣೆಕಲ್ಲು: ನಿಮ್ಮ ಲೆಕ್ಕವೇ ನನ್ನ ಪರ. ಜಿಡ್ಡು ಹತ್ತಿದ 39ರ ತಳಕ್ಕೆ ಹೊರಗಿನ 4 ಡಿಗ್ರಿ ಓರೆಯೇ ಸಾಕು, ಸೋರುತ್ತೆ. ಜಿಡ್ಡನ್ನು ತಾಳಿಕೊಳ್ಳೋದೂ ಕಟ್ಟೇ!

ದಿನದುಂಗುರ: ತಾಳಿಕೊಳ್ಳೋದು ಯಾಕೆ, ತೊಳೀರಿ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ದ್ರವ ಹಾಕಿ 20 ನಿಮಿಷ ನೆನೆಸಿ, ಮೆದು ಬ್ರಷ್‌ನಿಂದ ಕಲ್ಲಿನ *ಹಿಂಬದಿ* ಉಜ್ಜಿ. ಮೇಲ್ಮುಖವನ್ನಷ್ಟೇ ಒರೆಸಿದರೆ ಜಿಡ್ಡು ಅಲ್ಲೇ ಇರುತ್ತೆ.

ಲೂಪ್10: ಬಿರುಕಿಗೆ ಗಾಜು ತುಂಬಿದ ಕಲ್ಲನ್ನು ಮಾತ್ರ ಅಲ್ಟ್ರಾಸಾನಿಕ್‌ಗೆ ಹಾಕಬೇಡಿ, ತುಂಬಿದ್ದು ಕೆಡುತ್ತೆ. ಇನ್ನು ಕೋನದ ಜಗಳಕ್ಕೆ: ಜಿಐಎ (ವಜ್ರ ಪರೀಕ್ಷಿಸಿ ದರ್ಜೆ ಕೊಡೋ ಸಂಸ್ಥೆ) ವರದಿಯ ಪೆವಿಲಿಯನ್ ಕೋನ ಎಂಟು ಮುಖ್ಯ ಮುಖಗಳ ಸರಾಸರಿ, ಅದೂ ಹತ್ತಿರದ 0.2 ಡಿಗ್ರಿಗೆ ಸರಿಹೊಂದಿಸಿದ್ದು. ಕ್ರೌನ್ 0.5ಕ್ಕೆ. 40.8 ಅಂತ ಅಚ್ಚಾಗಿರೋ ಎರಡು ಕಲ್ಲು ಒಂದೇ ಥರ ಇರಬೇಕಿಲ್ಲ.

ಐವತ್ತೇಳು_ಮುಖ: ಕ್ರೌನ್ 0.5ಕ್ಕೆ ಅಂದ್ರಲ್ಲ, ನಾನು ಮೊದಲಿಂದ ಹೇಳ್ತಿರೋದೂ ಕ್ರೌನ್ ನೋಡಿ ಅಂತಲೇ.

ದಿನದುಂಗುರ: ಸರಾಸರಿ ಹಾಗಿರಲಿ. ತೊಳೆಯದ ಕಲ್ಲಿನ ಕೋನ ಯಾರಿಗೆ ಬೇಕು?