ರೀಲಿನಲ್ಲಿ ನೋಡಿದ ಸಿನಿಮಾ ಬೇರೆಯಾಗಿ ಕಾಣುವುದೇಕೆ?

ಪ್ರಶ್ನೆ:
ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಬಳಿಯಿರುವ ಪ್ರಿನ್ಸ್ ಚಾರ್ಲ್ಸ್ ಚಿತ್ರಮಂದಿರದಲ್ಲಿ ಈಗಲೂ 35 ಎಂ.ಎಂ. ಮತ್ತು 70 ಎಂ.ಎಂ. ಅಗಲದ ಪ್ರಿಂಟ್‌ಗಳನ್ನು, ಅಂದರೆ ಫಿಲ್ಮ್ ಸುರುಳಿಯ ಪ್ರತಿಗಳನ್ನು, ಹಾಕುತ್ತಾರೆ. ಕಳೆದ ವಾರ ಅಲ್ಲಿ ಹಳೆಯ ಚಿತ್ರವೊಂದನ್ನು ನೋಡಿದೆ. ಅದನ್ನೇ ಮನೆಯ ಟಿ.ವಿ.ಯಲ್ಲಿ ಇನ್ನೂ ಸ್ಪಷ್ಟವಾಗಿ ನೋಡಿದ್ದೆನಾದರೂ, ಇಲ್ಲಿ ಮುಖಗಳು ಉಸಿರಾಡುತ್ತಿರುವಂತೆ ಕಂಡವು. ಇದು ಬರಿಯ ಹಳೆಯ ಕಾಲದ ಮೋಹವೇ, ಅಥವಾ ಯಂತ್ರದಲ್ಲಿಯೇ ಕಾರಣವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಕಾರಣ ಯಂತ್ರದಲ್ಲಿಯೇ ಇದೆ. ಪ್ರೊಜೆಕ್ಟರಿನೊಳಗೆ ಫಿಲ್ಮ್ ಒಂದೇ ಸಮನೆ ಹರಿಯುವುದಿಲ್ಲ. ಸೆಕೆಂಡಿಗೆ 24 ಸಲ, ಬೆಳಕು ಹಾಯುವ ಕಿಂಡಿಯಾದ ಗೇಟಿನ ಮುಂದೆ ನಿಂತು, ಮತ್ತೆ ಜಗ್ಗಿಸಿಕೊಂಡು ಸಾಗುತ್ತದೆ. ಅದು ಸಾಗುವಾಗ ಶಟರ್ ಎಂಬ ತಿರುಗುವ ತಟ್ಟೆ ಬೆಳಕನ್ನು ಮರೆಮಾಡುತ್ತದೆ. ಎರಡು ಅಲಗಿನ ಶಟರ್ ಆದರೆ, ಚಿತ್ರ ನಿಂತಿರುವಾಗಲೂ ಒಮ್ಮೆ ಅಡ್ಡ ಬಂದು, ಪ್ರತಿ ಚೌಕವನ್ನು, ಅಂದರೆ ಫಿಲ್ಮಿನ ಒಂದೊಂದು ಚಿತ್ರವನ್ನು, ಎರಡೆರಡು ಸಲ ಮಿನುಗಿಸುತ್ತದೆ. ಹಾಗಾಗಿ ನೀವು ಹೆಚ್ಚುಕಡಿಮೆ ಅರ್ಧ ಹೊತ್ತು ಕತ್ತಲೆಯಲ್ಲಿಯೇ ಕುಳಿತಿದ್ದಿರಿ, ಆದರೆ ಅದು ಕಣ್ಣಿಗೆ ತಿಳಿಯಲಿಲ್ಲ. ಇದರ ಜೊತೆಗೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಕಣಗಳು ಒಂದು ಚೌಕದಲ್ಲಿ ಇದ್ದಂತೆ ಮುಂದಿನದರಲ್ಲಿ ಇರುವುದಿಲ್ಲವಾದ್ದರಿಂದ, ಸುಮ್ಮನೆ ನಿಂತ ಗೋಡೆಯೂ ಸೂಕ್ಷ್ಮವಾಗಿ ಕದಲುತ್ತಿರುತ್ತದೆ. ಡಿಜಿಟಲ್ ಪ್ರೊಜೆಕ್ಟರಿನ ಪಿಕ್ಸೆಲ್‌ಗಳಾದರೋ ತಮ್ಮ ಜಾಗ ಬಿಟ್ಟು ಅಲುಗುವುದಿಲ್ಲ.

ಉತ್ತರ 2:
ಹಾಸನದ ಕಡೆಯ ಚಿತ್ರಮಂದಿರವೊಂದರಲ್ಲಿ ನಾನು ಹಲವು ವರ್ಷ ಆಪರೇಟರ್ ಆಗಿದ್ದೆ. ಎರಡು ಸಾವಿರ ಅಡಿಯ ರೀಲು ಸುಮಾರು 20 ನಿಮಿಷ ಓಡುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ದುಂಡು ಗುರುತು ಮಿಂಚುತ್ತಿತ್ತು. ಅದನ್ನು ಕಂಡೊಡನೆ, ಮುಂದಿನ ರೀಲು ಏರಿಸಿಟ್ಟ ಎರಡನೆಯ ಯಂತ್ರದ ಮೋಟಾರು ಹಾಕಬೇಕು, ಸುಮಾರು 7 ಸೆಕೆಂಡಿನ ಬಳಿಕ ಎರಡನೆಯ ಗುರುತು ಬಂದಾಗ ಬೆಳಕನ್ನು ಈ ಯಂತ್ರದಿಂದ ಆ ಯಂತ್ರಕ್ಕೆ ಬದಲಿಸಬೇಕು. ಎರಡು ಕಾರ್ಬನ್ ಕಡ್ಡಿಗಳ ನಡುವೆ ವಿದ್ಯುತ್ ಹಾಯಿಸಿ ಬೆಳಕು ಕೊಡುವ ಆರ್ಕ್ ದೀಪದಲ್ಲಿ, ಆ ಕಡ್ಡಿಗಳು ಉರಿದು ಸವೆದಂತೆ ಅಂತರ ಹೆಚ್ಚಾಗಿ ಪರದೆ ಮಂಕಾಗುತ್ತಿತ್ತು, ಆದ್ದರಿಂದ ಕಪ್ಪು ಗಾಜಿನಲ್ಲಿ ನೋಡುತ್ತ ಅವುಗಳನ್ನು ಹತ್ತಿರ ತರುತ್ತಿದ್ದೆವು. ಆ ಬೆಳಕಿನ ಹಿಂದೆ ಇಡೀ ಆಟದುದ್ದಕ್ಕೂ ಒಬ್ಬ ಮನುಷ್ಯ ಎಚ್ಚರವಾಗಿರುತ್ತಿದ್ದ. ಆ ಸೆಳೆತದಲ್ಲಿ ಅವನ ಪಾಲೂ ಇದೆಯೆಂದು ನಾನು ನಂಬಿದ್ದೇನೆ.

ಉತ್ತರ 3:
ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ: ಪ್ರಿಂಟ್ ಚೆನ್ನಾಗಿರಬೇಕು. ಹಳೆಯ ಬಣ್ಣದ ಪ್ರಿಂಟ್‌ಗಳಲ್ಲಿ ನೀಲಿ-ಹಸಿರಿನ ಅಂಶ ಮೊದಲು ಮಾಸಿ, ಇಡೀ ಚಿತ್ರ ಕೆಂಪು ಬಳಿದಂತಾಗಿರುತ್ತದೆ. ಲಾಸ್ ಏಂಜಲೀಸಿನ ನ್ಯೂ ಬೆವರ್ಲಿಯಂತಹ, ಫಿಲ್ಮ್ ಬಿಟ್ಟು ಬೇರೇನನ್ನೂ ಹಾಕದ ಚಿತ್ರಮಂದಿರಕ್ಕೂ ಒಳ್ಳೆಯ ಪ್ರಿಂಟ್ ಸಿಕ್ಕರೆ ಮಾತ್ರ ಸಾರ್ಥಕ. ಟಿಕೆಟ್ ಕೊಳ್ಳುವ ಮುನ್ನ ಪ್ರಿಂಟಿನ ಸ್ಥಿತಿ ಹೇಗಿದೆ ಎಂದು ವಿಚಾರಿಸಿ. ಅದನ್ನು ಕಾಳಜಿಯಿಂದ ನಡೆಸುವವರು ಸಂತೋಷದಿಂದಲೇ ಹೇಳುತ್ತಾರೆ.